ದಪ್ಪ ಜೆಲ್ ಸೋತಲ್ಲಿ ತೆಳು ನೀರು ಗೆದ್ದದ್ದು ಹೇಗೆ?

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ಹೈಡ್ರಾಲಿಕ್ ಫ್ರ್ಯಾಕ್ಚರಿಂಗ್ (ಫ್ರ್ಯಾಕ್), ಅಂದರೆ ದ್ರವವನ್ನು ಒತ್ತಿ ನೆಲದಾಳದ ಬಂಡೆಯನ್ನು ಸೀಳಿ, ಬಿರುಕು ಮುಚ್ಚದಂತೆ ಮರಳು ತುಂಬಿ ಅನಿಲ ತೆಗೆಯುವ ವಿಧಾನದ ಬಗ್ಗೆ ಸೆಮಿನಾರ್ ಕೊಡಬೇಕಿದೆ. ಬಿರುಕಿನೊಳಗೆ ಮರಳನ್ನು ಹೊತ್ತೊಯ್ಯಲು ದಪ್ಪ ಜೆಲ್ ಬೇಕು, ನೀರಾದರೆ ಮರಳು ತಳ ಹಿಡಿಯುತ್ತದೆ ಎಂದು ಪಠ್ಯದಲ್ಲಿದೆ. ಆದರೆ ಟೆಕ್ಸಸ್‌ನ ಬಾರ್ನೆಟ್ ಶೇಲ್ ಎಂಬ, ಅನಿಲ ಹುದುಗಿದ ಜೇಡಿಬಂಡೆಯ ಪದರದಲ್ಲಿ ಕೈ ಹಿಡಿದದ್ದು ನೀರೇ ಅನ್ನುತ್ತಾರೆ. ಎರಡೂ ಹೇಗೆ ನಿಜ? ಶೇಲ್ ಬಾವಿಗಳ ಉತ್ಪಾದನೆ ಒಂದೇ ವರ್ಷದಲ್ಲಿ ಮೂರನೇ ಒಂದು ಪಾಲಿಗೆ ಇಳಿಯುವುದು ಮರಳು ಸರಿಯಾಗಿ ಕೂರದ ಕಾರಣಕ್ಕಾ? ನಮ್ಮ ಕಡೆ ಬೋರ್‌ವೆಲ್‌ಗೆ ಮಾಡಿಸುವ ಹೈಡ್ರೋಫ್ರ್ಯಾಕ್ಚರಿಂಗೂ ಇದೂ ಒಂದೇನಾ?

ಉತ್ತರ: ಪಠ್ಯದ ಮಾತೂ ಸರಿ, ಬಾರ್ನೆಟ್‌ನಲ್ಲಿ ಆದದ್ದೂ ಸರಿ. ನೀರಿನಲ್ಲಿ ಮರಳು ತಳ ಹಿಡಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಠ್ಯದ ಆ ಅಧ್ಯಾಯ ಬರೆದಾಗ ಕಣ್ಣ ಮುಂದಿದ್ದ ಬಂಡೆ ಬೇರೆ. ದ್ರವವನ್ನು ಆರಿಸುವ ಮೊದಲು ಈ ಬಂಡೆಗೆ ಕೊರತೆ ಯಾವುದು ಎಂದು ಕೇಳಿಕೊಳ್ಳಬೇಕು.

ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಹೊಲಗಳಲ್ಲಿ ಬಸಿಗಾಲುವೆ ತೋಡಿಸಿದವರನ್ನು ಕೇಳಿ ನೋಡಿ. ಮರಳು ಮಿಶ್ರಿತ ಮಣ್ಣಾದರೆ ಕಾಲುವೆಗಳು ದೂರ ದೂರ ಇದ್ದರೂ ನೀರು ಬಸಿದು ಬರುತ್ತದೆ. ಎರೆಮಣ್ಣಾದರೆ ಒಂದೇ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ಹೊಲದ ನಡುವಿನ ನೀರು ಅಲ್ಲೇ ನಿಂತಿರುತ್ತದೆ. ಅಲ್ಲಿ ಕಾಲುವೆಗಳನ್ನು ಹತ್ತಿರ ಹತ್ತಿರ ತೋಡಬೇಕು, ಅವು ಕಿರಿದಾಗಿದ್ದರೂ ಸಾಕು. ಶೇಲ್ ಎಂದರೆ ಎರೆಮಣ್ಣಿನ ಪರಮಾವಧಿ.

ಈಗ ಅಂಕಿ. ಬಂಡೆಯೊಳಗೆ ಅನಿಲ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಪರ್ಮಿಯಬಿಲಿಟಿ ಎನ್ನುತ್ತೇವೆ, ಅಳೆಯುವುದು ಡಾರ್ಸಿಯಲ್ಲಿ. ಒಳ್ಳೆಯ ಮರಳುಗಲ್ಲಿನಲ್ಲಿ ಅದು ಹತ್ತಾರು, ನೂರಾರು ಮಿಲಿಡಾರ್ಸಿ. ಬಿಗಿ ಮರಳುಗಲ್ಲಿನಲ್ಲಿ 0.1 ಮಿಲಿಡಾರ್ಸಿಗಿಂತ ಕಡಿಮೆ. ಶೇಲ್‌ನಲ್ಲಿ ಹತ್ತಾರರಿಂದ ನೂರಾರು ನ್ಯಾನೋಡಾರ್ಸಿ. ಒಂದು ಮಿಲಿಡಾರ್ಸಿಗೆ ಹತ್ತು ಲಕ್ಷ ನ್ಯಾನೋಡಾರ್ಸಿ ಎನ್ನುವುದನ್ನು ಸೆಮಿನಾರಿನ ಮೊದಲ ಸ್ಲೈಡಿನಲ್ಲೇ ಬರೆಯಿರಿ. ಉಳಿದದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

ಬಿರುಕು ಸಾಕಷ್ಟು ಅಗಲವಿದೆಯೇ ಎಂದು ತೂಗಲು ಒಂದು ಅನುಪಾತವಿದೆ. ಬಿರುಕಿನಲ್ಲಿ ತುಂಬಿದ ಮರಳಿನ ಪರ್ಮಿಯಬಿಲಿಟಿಯನ್ನು ಬಿರುಕಿನ ಅಗಲದಿಂದ ಗುಣಿಸಿದರೆ ಅದರ ವಾಹಕತೆ ಸಿಗುತ್ತದೆ. ಅದನ್ನು ಬಂಡೆಯ ಪರ್ಮಿಯಬಿಲಿಟಿ ಮತ್ತು ಬಿರುಕಿನ ಅರ್ಧ ಉದ್ದ (ಬಾವಿಯಿಂದ ಒಂದು ತುದಿಯವರೆಗಿನ ದೂರ), ಇವೆರಡರ ಗುಣಲಬ್ಧದಿಂದ ಭಾಗಿಸಿ. ಬಂದ ಸಂಖ್ಯೆ 10 ದಾಟಿದ್ದರೆ ವಾಹಕತೆ ಹೆಚ್ಚಿಸಲು ಇನ್ನಷ್ಟು ದುಡ್ಡು ಸುರಿದರೂ ಲಾಭ ತೀರ ಅಲ್ಪ. ನೆಲದಾಳದಲ್ಲಿ ಹಾನಿಯೆಲ್ಲ ಕಳೆದು ವಾಹಕತೆ 10 ಮಿಲಿಡಾರ್ಸಿ-ಮೀಟರ್ ಉಳಿದಿದೆ, ಅರ್ಧ ಉದ್ದ 100 ಮೀಟರ್ ಎಂದಿಟ್ಟುಕೊಳ್ಳಿ. 10 ಮಿಲಿಡಾರ್ಸಿ ಬಂಡೆಗೆ ಅನುಪಾತ 0.01. ಅಲ್ಲಿ ಈ ಬಿರುಕು ಏನೇನೂ ಸಾಲದು, ದಪ್ಪ ಜೆಲ್, ಒರಟು ಮರಳು, ಅಗಲ ಬಿರುಕು ಎಲ್ಲವೂ ಬೇಕು. 0.1 ಮಿಲಿಡಾರ್ಸಿಗೆ 1. 100 ನ್ಯಾನೋಡಾರ್ಸಿ ಶೇಲ್‌ಗೆ 1000! ಮರಳು ತಳ ಹಿಡಿದು, ಪುಡಿಯಾಗಿ, ಬಂಡೆಯೊಳಗೆ ಹುದುಗಿ, ವಾಹಕತೆಯ 99% ನಾಶವಾದರೂ ಇನ್ನೂ 10 ಉಳಿಯುತ್ತದೆ. ಅಂದರೆ ಜೆಲ್ ಯಾವುದನ್ನು ಚೆನ್ನಾಗಿ ಕೊಡುತ್ತದೋ ಅದು ಶೇಲ್‌ಗೆ ಬೇಕಾಗಿಯೇ ಇರಲಿಲ್ಲ. ಬೇಕಿದ್ದದ್ದು ಬಂಡೆಯ ಜೊತೆ ಬಿರುಕಿಗೆ ಇರುವ ಒಟ್ಟು ಸಂಪರ್ಕ ವಿಸ್ತೀರ್ಣ.

ಇಷ್ಟು ಸರಳ ಲೆಕ್ಕ ಹೊಳೆಯಲು ಅರ್ಧ ಶತಮಾನ ಹಿಡಿಯಿತೇ ಎಂದು ಅನಿಸಬಹುದು. 1947ರಲ್ಲಿ ಕಾನ್ಸಸ್‌ನ ಹ್ಯೂಗೋಟನ್ ಅನಿಲ ಕ್ಷೇತ್ರದಲ್ಲಿ ಮೊದಲ ಪ್ರಯೋಗ ನಡೆದಾಗ ಬಳಸಿದ್ದು ನೇಪಾಮ್ ಸೇರಿಸಿ ದಪ್ಪ ಮಾಡಿದ ಗ್ಯಾಸೋಲಿನ್. 1949ರಲ್ಲಿ ಒಕ್ಲಹೋಮ ಮತ್ತು ಟೆಕ್ಸಸ್‌ನಲ್ಲಿ ಹ್ಯಾಲಿಬರ್ಟನ್ ಇದನ್ನು ವಾಣಿಜ್ಯ ಕೆಲಸವಾಗಿ ಆರಂಭಿಸಿತು. ಆಮೇಲೆ ದ್ರವಗಳು ಬದಲಾದವು, ಆದರೆ 'ದಪ್ಪ ಇದ್ದಷ್ಟೂ ಒಳ್ಳೆಯದು' ಎಂಬ ನಂಬಿಕೆ ಗಟ್ಟಿಯಾಗುತ್ತಲೇ ಹೋಯಿತು, ಏಕೆಂದರೆ ಆಗಿನ ಬಂಡೆಗಳಿಗೆ ಅದು ನಿಜವೂ ಆಗಿತ್ತು. ಜೆಲ್‌ನ ಮೂಲವಸ್ತು ಗುವಾರ್ ಗೋಂದು. ನಮ್ಮ ಗೋರಿಕಾಯಿ, ಉತ್ತರ ಕರ್ನಾಟಕದ ಚವಳಿಕಾಯಿ ಇದೆಯಲ್ಲ, ಅದೇ ಗಿಡದ ಬೀಜದಿಂದ ತೆಗೆದದ್ದು. ನೀರಿಗೆ ಆ ಪುಡಿ ಬೆರೆಸಿ, ಬೋರೇಟ್ ಹಾಕಿ ಎಳೆಗಳನ್ನು ಒಂದಕ್ಕೊಂದು ಹೆಣೆದರೆ ಲೋಳೆಯಂಥ ಜೆಲ್ ಆಗುತ್ತದೆ. ಅಮೆರಿಕದ ಬಾವಿಗಳ ಬೇಡಿಕೆಯಿಂದ ರಾಜಸ್ಥಾನದ ಗುವಾರ್ ಬೆಲೆ ಎಷ್ಟು ಏರಿತೆಂದರೆ 2012ರ ಮಾರ್ಚ್‌ನಲ್ಲಿ ಅದರ ವಾಯಿದಾ ವಹಿವಾಟನ್ನೇ ನಿಲ್ಲಿಸಬೇಕಾಯಿತು.

ಬಾರ್ನೆಟ್‌ನಲ್ಲಿ ಮಿಚೆಲ್ ಎನರ್ಜಿ ಮೊದಲ ಬಾವಿ ಕೊರೆದದ್ದು 1981ರಲ್ಲಿ. ಹದಿನಾರು ವರ್ಷ ಹೆಣಗಿದರೂ, ಎಷ್ಟು ಜೆಲ್ ಸುರಿದರೂ ಲೆಕ್ಕ ಕೂಡಿ ಬರಲಿಲ್ಲ. ಕಂಪನಿಯ ಎಂಜಿನಿಯರ್ ನಿಕ್ ಸ್ಟೈನ್ಸ್‌ಬರ್ಗರ್ 1997ರಿಂದ ತೆಳು ದ್ರವದ ಪ್ರಯೋಗಕ್ಕೆ ಇಳಿದರು. ಪೂರ್ವ ಟೆಕ್ಸಸ್‌ನ ಕಾಟನ್ ವ್ಯಾಲಿ ಮರಳುಗಲ್ಲಿನಲ್ಲಿ ಬೇರೊಂದು ಕಂಪನಿ ನೀರಿನಿಂದ ಕೆಲಸ ನಡೆಸಿದ್ದೇ ಅದಕ್ಕೆ ಪ್ರೇರಣೆ. 1998ರಲ್ಲಿ ಎಸ್. ಎಚ್. ಗ್ರಿಫಿನ್ ಎಸ್ಟೇಟ್ 4 ಎಂಬ ಬಾವಿಯಲ್ಲಿ ಅದು ಕೈಗೂಡಿತು. ಮೊದಮೊದಲು ಉದ್ದೇಶ ಖರ್ಚು ಇಳಿಸುವುದಷ್ಟೇ ಆಗಿತ್ತು, ಉತ್ಪಾದನೆಯೂ ಹೆಚ್ಚಿದ್ದು ಮೇಲಿನ ಲಾಭ. 2002ರಲ್ಲಿ ಡೆವನ್ ಎನರ್ಜಿ ಮಿಚೆಲ್ ಕಂಪನಿಯನ್ನು ಕೊಂಡು ಅದೇ ನೀರನ್ನು ಅಡ್ಡಬಾವಿಗಳಿಗೆ, ಅಂದರೆ ಆಳಕ್ಕೆ ಇಳಿದು ಪದರದೊಳಗೆ ಅಡ್ಡಲಾಗಿ ತಿರುಗುವ ಬಾವಿಗಳಿಗೆ, ಜೋಡಿಸಿತು. ಇಂದಿನ ಶೇಲ್ ಉದ್ಯಮ ಹುಟ್ಟಿದ್ದು ಆ ಜೋಡಣೆಯಿಂದ.

ತೆಳು ನೀರು ವಿಸ್ತೀರ್ಣವನ್ನು ಹೇಗೆ ಹೆಚ್ಚಿಸುತ್ತದೆ? ಬಾರ್ನೆಟ್‌ನಲ್ಲಿ ಕ್ಯಾಲ್ಸೈಟ್ ತುಂಬಿ ಮುಚ್ಚಿಹೋದ ಹಳೆಯ ಸೀಳುಗಳು ಬಹಳ ಇವೆ. ಅಲ್ಲಿ ಎರಡು ಅಡ್ಡ ದಿಕ್ಕುಗಳ ಒತ್ತಡಗಳ ನಡುವೆ ವ್ಯತ್ಯಾಸವೂ ಕಡಿಮೆ. ಬಿರುಕು ಅತಿ ಕಡಿಮೆ ಒತ್ತಡದ ದಿಕ್ಕಿಗೆ ಲಂಬವಾಗಿ ತೆರೆದುಕೊಳ್ಳುತ್ತದೆ ಎಂದು ಸಂಶೋಧಕರಾದ ಹಬರ್ಟ್ ಮತ್ತು ವಿಲ್ಲಿಸ್ 1957ರಲ್ಲೇ ತೋರಿಸಿದ್ದರು. ವ್ಯತ್ಯಾಸ ಚಿಕ್ಕದಾದಾಗ ಬಿರುಕಿಗೆ ಆ ಹಠ ಕಡಿಮೆ, ಸಿಕ್ಕ ಸೀಳಿನೊಳಗೆ ತಿರುಗಬಲ್ಲದು. ಹಾಗೆ ತಿರುಗಲು ದ್ರವ ತೆಳುವಾಗಿರಬೇಕು. ಕೂದಲೆಳೆಯಷ್ಟು ಸೀಳಿಗೆ ಲೋಳೆ ನುಗ್ಗದು, ನೀರು ನುಗ್ಗುತ್ತದೆ. ಮೈಕ್ರೋಸೀಸ್ಮಿಕ್ ಉಪಕರಣ ಇಟ್ಟು ಆಲಿಸಿದಾಗ ಬಾರ್ನೆಟ್‌ನಲ್ಲಿ ಸಣ್ಣ ಕಂಪನಗಳು ಒಂದು ಗೆರೆಯಾಗಿ ಬೀಳದೆ ನೂರಾರು ಮೀಟರ್ ಅಗಲದ ಮೋಡದ ಹಾಗೆ ಹರಡಿದ್ದು ಕಂಡದ್ದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ. ಆ ಮೋಡದ ಇಡೀ ಘನಗಾತ್ರದಿಂದ ಅನಿಲ ಬರುತ್ತದೆ ಎಂದು ಸೆಮಿನಾರಿನಲ್ಲಿ ಹೇಳಬೇಡಿ. ಕಂಪನವಾಯಿತು ಎಂದರೆ ಎಲ್ಲೋ ಒಂದು ಸೀಳು ಜಾರಿತು ಎಂದಷ್ಟೇ ಅರ್ಥ, ಅಲ್ಲಿಗೆ ಮರಳು ತಲುಪಿತೆಂದಲ್ಲ. ಟೆಕ್ಸಸ್‌ನ ರೇಗನ್ ಕೌಂಟಿಯಲ್ಲಿ ವುಲ್ಫ್‌ಕ್ಯಾಂಪ್ ಪದರಕ್ಕೆ ಫ್ರ್ಯಾಕ್ ಮಾಡಿದ ಮೇಲೆ, ಬಿರುಕುಗಳನ್ನು ಅಡ್ಡ ಹಾಯುವಂತೆ ಓರೆಯಾಗಿ ಇನ್ನೊಂದು ಬಾವಿ ಕೊರೆದು ಸುಮಾರು 600 ಅಡಿ ಬಂಡೆಯ ಕೋರ್, ಅಂದರೆ ಕೋಲಿನಂಥ ಇಡೀ ಬಂಡೆಯ ಮಾದರಿ, ತೆಗೆದು ನೋಡಿದರು. ಗಾಜಿನಂತೆ ನುಚ್ಚುನೂರಾದ ಬಂಡೆ ಕಾಣಲಿಲ್ಲ. ಕಂಡದ್ದು ಒಂದರ ಪಕ್ಕ ಒಂದು, ಹೆಚ್ಚುಕಡಿಮೆ ಸಮಾನಾಂತರವಾಗಿ ಗುಂಪುಗಟ್ಟಿದ ನೂರಾರು ಬಿರುಕುಗಳು, ಅವುಗಳಲ್ಲಿ ಕೆಲವೇ ಕೆಲವಲ್ಲಿ ಮರಳು. ಶೇಲ್ 'ಜಾಲ'ದ ಬಗ್ಗೆ ಬರೆದ ಎಷ್ಟೋ ಬಣ್ಣದ ಚಿತ್ರಗಳನ್ನು ಆ ಕೋರ್ ಅಳಿಸಿಹಾಕಿತು ಎನ್ನುವುದು ನನ್ನ ಅಭಿಪ್ರಾಯ. ವಿಸ್ತೀರ್ಣದ ವಾದ ಮಾತ್ರ ಅದರಿಂದ ಗಟ್ಟಿಯೇ ಆಯಿತು. ಬಾವಿಯ ಕೇಸಿಂಗ್ ಪೈಪಿನಲ್ಲಿ ಹೊಡೆದ ಒಂದು ತೂತಿನ ಗುಂಪಿನಿಂದ ಒಂದೇ ಬಿರುಕು ಹೊರಡುತ್ತದೆ ಎಂಬ ಹಳೆಯ ಊಹೆ ಸುಳ್ಳಾಯಿತು.

ಇನ್ನು 'ಬರೀ ನೀರು' ಎಂಬ ಮಾತು. ಅದು ಬರೀ ನೀರಲ್ಲ, ಸ್ಲಿಕ್‌ವಾಟರ್. ಸಾವಿರ ಲೀಟರಿಗೆ ಕಾಲು ಲೀಟರಿನಿಂದ ಒಂದು ಲೀಟರಿನಷ್ಟು ಪಾಲಿಅಕ್ರಿಲಮೈಡ್ ಎಂಬ, ಘರ್ಷಣೆ ತಗ್ಗಿಸುವ ಉದ್ದ ಎಳೆಗಳ ಪಾಲಿಮರ್ ಸೇರಿರುತ್ತದೆ. ಅದಿಲ್ಲದಿದ್ದರೆ ಕೆಲಸವೇ ನಡೆಯದು. ಏಕೆ ಎಂಬುದು ನಿಮ್ಮ ಶಾಖೆಯ ಲೆಕ್ಕ, ಮಾಡಿಯೇ ಬಿಡೋಣ.

ಐದೂವರೆ ಇಂಚಿನ ಕೇಸಿಂಗ್, ಒಳವ್ಯಾಸ 121 ಮಿ.ಮೀ. ನೇರ ಆಳ 2,300 ಮೀಟರ್, ಪೈಪಿನ ಒಟ್ಟು ಉದ್ದ 4,500 ಮೀಟರ್. ಪಂಪ್ ಮಾಡುವ ದರ ನಿಮಿಷಕ್ಕೆ 14.3 ಘನಮೀಟರ್, ಅಂದರೆ ಉದ್ಯಮದ ಭಾಷೆಯಲ್ಲಿ 90 ಬ್ಯಾರೆಲ್. ಪೈಪಿನಲ್ಲಿ ವೇಗ ಸೆಕೆಂಡಿಗೆ ಸುಮಾರು 20.6 ಮೀಟರ್, ಗಂಟೆಗೆ 74 ಕಿ.ಮೀ. ಘರ್ಷಣಾಂಕ 0.015 ಹಿಡಿದರೆ ಡಾರ್ಸಿ-ವೈಸ್‌ಬಾಕ್ ಸೂತ್ರದ ಪ್ರಕಾರ ಪೈಪಿನಲ್ಲೇ ಕಳೆದುಹೋಗುವ ಒತ್ತಡ ಸುಮಾರು 118 ಮೆಗಾಪಾಸ್ಕಲ್. ಸಾಮಾನ್ಯವಾಗಿ ಬಳಸುವ ಪಿ-110 ದರ್ಜೆಯ ಉಕ್ಕಿನ ಆ ಕೇಸಿಂಗ್ ಒಡೆಯುವುದೇ 87ರ ಆಸುಪಾಸಿನಲ್ಲಿ! ಪಾಲಿಮರ್ ಎಳೆಗಳು ಸುಳಿಗಳನ್ನು ಅದುಮಿ ಘರ್ಷಣೆಯನ್ನು 70% ತಗ್ಗಿಸಿದರೆ ಅದು 35ಕ್ಕೆ ಬರುತ್ತದೆ. ಈಗ ಪೂರ್ತಿ ಕೂಡಿಸಿ: ತಳದಲ್ಲಿ ಬಿರುಕು ಮುಂದುವರಿಸಲು 37, ಅದರಲ್ಲಿ ನೀರಿನ ಕಂಬದ ತೂಕವೇ ಕೊಡುವ 22.6 ಕಳೆಯಿರಿ, 14.4 ಉಳಿಯಿತು. ಪೈಪಿನ ಘರ್ಷಣೆ 35, ಕೇಸಿಂಗಿನ ತೂತುಗಳಲ್ಲಿ 8.5. ಮೇಲ್ಮೈಯಲ್ಲಿ ಬೇಕಾದ ಒತ್ತಡ ಸುಮಾರು 58 ಮೆಗಾಪಾಸ್ಕಲ್, 8,400 ಪಿಎಸ್‌ಐ. ಇದನ್ನು ಹರಿವಿನಿಂದ ಗುಣಿಸಿದರೆ 13.8 ಮೆಗಾವ್ಯಾಟ್, ಹತ್ತಿರ ಹತ್ತಿರ 18,500 ಅಶ್ವಶಕ್ತಿ. ಬಾವಿಯ ಸುತ್ತ ಪಂಪ್ ಟ್ರಕ್ಕುಗಳು ಯಾಕೆ ಸಾಲುಗಟ್ಟಿ ನಿಂತಿರುತ್ತವೆ ಎಂಬುದು ಇದರಿಂದ ತಿಳಿಯುತ್ತದೆ.

ಈ ಪಾಲಿಮರನ್ನು ಸೇರಿಸುವ ಪಂಪ್ ಕೆಲಸದ ನಡುವೆ ನಿಂತರೆ ಮೇಲಿನ ಒತ್ತಡ ತಟ್ಟನೆ ಏರುವುದಿಲ್ಲ. ಪಾಲಿಮರ್ ಇಲ್ಲದ ನೀರು ಪೈಪನ್ನು ತುಂಬುತ್ತಾ ಹೋದಂತೆ ಮೂರೂವರೆ ನಿಮಿಷ ಒಂದೇ ಸಮನೆ ಏರುತ್ತದೆ. ಅನುಭವವಿಲ್ಲದವರು ಅದನ್ನು ಬಿರುಕು ಕಟ್ಟಿಕೊಳ್ಳುತ್ತಿದೆ ಎಂದು ತಪ್ಪಾಗಿ ಓದುತ್ತಾರೆ. ಬಾವಿಯಿಂದ ವಾಪಸ್ ಬಂದ ಉಪ್ಪುನೀರನ್ನೇ ಮರುಬಳಕೆ ಮಾಡುವಾಗ ಇನ್ನೊಂದು ತೊಡಕು. ಸಾಮಾನ್ಯ ಪಾಲಿಅಕ್ರಿಲಮೈಡಿನ ಎಳೆಗಳು ಕ್ಯಾಲ್ಸಿಯಂ, ಕಬ್ಬಿಣ ಹೆಚ್ಚಿರುವ ನೀರಿನಲ್ಲಿ ಬಿಚ್ಚಿಕೊಳ್ಳದೆ ಮುದುಡಿಕೊಳ್ಳುತ್ತವೆ, ಘರ್ಷಣೆ ಇಳಿಯುವುದಿಲ್ಲ. ಅದಕ್ಕೆ ಉಪ್ಪು ತಾಳುವ ಬೇರೆ ಪಾಲಿಮರ್ ಬೇಕು. ಅದನ್ನು ಆರಿಸುವ ಮೊದಲು ಅದೇ ನೀರಿನಲ್ಲಿ ಪರೀಕ್ಷಿಸಬೇಕು, ಕುಡಿಯುವ ನೀರಿನಲ್ಲಿ ಪರೀಕ್ಷಿಸಿ ಸರಿಯಿದೆ ಅಂದರೆ ಆಗದು.

ಈಗ ನಿಮ್ಮ ಮುಖ್ಯ ಅನುಮಾನ, ಮರಳು ತಳ ಹಿಡಿಯುವುದು. 40/70 ಜರಡಿ ಗಾತ್ರದ, ಸುಮಾರು 0.3 ಮಿ.ಮೀ. ಕಾಳು ನೀರಿನಲ್ಲಿ ಸೆಕೆಂಡಿಗೆ ಸುಮಾರು 4 ಸೆಂ.ಮೀ. ಇಳಿಯುತ್ತದೆ. ತೀರ ನಿಧಾನದ ಇಳಿತಕ್ಕೆ ಮಾತ್ರ ಹೊಂದುವ ಸ್ಟೋಕ್ಸ್ ಸೂತ್ರ ಹಾಕಿದರೆ 8 ಬರುತ್ತದೆ, ಅದು ತಪ್ಪು. ರೆನಾಲ್ಡ್ಸ್ ಸಂಖ್ಯೆ ಇಲ್ಲಿ ಒಂದಕ್ಕಿಂತ ಬಹಳ ಹೆಚ್ಚು, ಸ್ಟೋಕ್ಸ್ ಅನ್ವಯಿಸದು. ವಿದ್ಯಾರ್ಥಿಗಳ ಲೆಕ್ಕಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ತಪ್ಪು. 100 ಮೆಶ್ ಎನ್ನುವ 0.15 ಮಿ.ಮೀ. ನುಣುಪು ಮರಳು ಇಳಿಯುವುದು ಸೆಕೆಂಡಿಗೆ ಸುಮಾರು ಒಂದೂವರೆ ಸೆಂ.ಮೀ. ಒಂದು ತೂತಿನ ಗುಂಪಿಗೆ ನಿಮಿಷಕ್ಕೆ 1.43 ಘನಮೀಟರ್ ನೀರು ಹೋಗಿ ಬಾವಿಯ ಎರಡೂ ಬದಿಗೆ ಚಾಚಿದ ಬಿರುಕಿನ ಎರಡು ರೆಕ್ಕೆಗಳಿಗೆ ಹಂಚಿಕೆಯಾದರೆ, 30 ಮೀಟರ್ ಎತ್ತರ, 5 ಮಿ.ಮೀ. ಅಗಲದ ಬಿರುಕಿನಲ್ಲಿ ಹರಿವಿನ ವೇಗ ಸೆಕೆಂಡಿಗೆ 8 ಸೆಂ.ಮೀ. ಮಾತ್ರ. ನಡುಮಟ್ಟದಿಂದ ಹೊರಟ ದಪ್ಪ ಕಾಳು 15 ಮೀಟರ್ ಇಳಿದು ತಳ ಮುಟ್ಟುವಷ್ಟರಲ್ಲಿ 30 ಮೀಟರ್ ದೂರವಷ್ಟೇ ಹೋಗಿರುತ್ತದೆ. ನುಣುಪು ಕಾಳು 80 ಮೀಟರ್ ಹೋಗುತ್ತದೆ. ಶೇಲ್ ಕೆಲಸದಲ್ಲಿ ಮರಳಿನ ಗಾತ್ರ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂದದ್ದರ ಗುಟ್ಟು ಇಲ್ಲಿದೆ.

ಆದರೆ ತಳ ಹಿಡಿದ ಮರಳು ಅಲ್ಲಿಗೇ ಮುಗಿಯುವುದಿಲ್ಲ. ಬಾವಿಯ ಬಳಿ ದಿಬ್ಬ ಏಳುತ್ತದೆ, ದಿಬ್ಬ ಎದ್ದಂತೆ ಅದರ ಮೇಲಿನ ಕಂಡಿ ಕಿರಿದಾಗುತ್ತದೆ, ಕಂಡಿಯಲ್ಲಿ ನೀರಿನ ವೇಗ ಏರುತ್ತದೆ. ಒಂದು ಹಂತದಲ್ಲಿ ಹೊಸ ಮರಳು ಕೂರಲಾರದೆ ದಿಬ್ಬದ ತಲೆಯ ಮೇಲೆ ಉರುಳುತ್ತಾ ಮುಂದೆ ಹೋಗಿ ಆ ಬದಿಗೆ ಬೀಳುತ್ತದೆ. ಹೊಳೆಯಲ್ಲಿ ಮರಳದಿಬ್ಬ ಮುಂದಕ್ಕೆ ಸರಿಯುವ ಹಾಗೆಯೇ. ಜೆಲ್ ಮರಳನ್ನು ಹೊತ್ತು ಸಾಗಿಸಿದರೆ ನೀರು ಅದನ್ನು ತಳ್ಳಿ ಸಾಗಿಸುತ್ತದೆ. ತಳ್ಳಲು ವೇಗ ಬೇಕು, ಅದಕ್ಕೇ ಸ್ಲಿಕ್‌ವಾಟರಿಗೆ ಅಷ್ಟು ದೊಡ್ಡ ದರ. ದರ ಅರ್ಧಕ್ಕಿಳಿಸಿ ಅದೇ ಮರಳು ಕಳಿಸುತ್ತೇನೆ ಎಂದರೆ ನಡೆಯದು.

ಬಿರುಕಿನ ಮೇಲ್ಭಾಗ ಮರಳಿಲ್ಲದೆ ಉಳಿಯುತ್ತದೆ, ನಿಜ. ಅದು ಪೂರ್ತಿ ಮುಚ್ಚಿಕೊಳ್ಳುವುದೂ ಇಲ್ಲ. ಸೀಳುವಾಗ ಎರಡು ಗೋಡೆಗಳು ಕೂದಲಷ್ಟು ಜಾರಿದರೂ ಉಬ್ಬಿಗೆ ತಗ್ಗು ಕೂಡದೆ ಸಂದು ಉಳಿಯುತ್ತದೆ. ಮೇಲಿನ ಅನುಪಾತ ನೆನೆಸಿಕೊಳ್ಳಿ, ಶೇಲ್‌ಗೆ ಅಂಥ ಸಂದೂ ದಾರಿಯೇ. ಎಲ್ಲಿಯವರೆಗೆ ಎಂದರೆ ಅನಿಲ ಹೊರಟು ಬಿರುಕಿನೊಳಗಿನ ಒತ್ತಡ ಇಳಿದು ಗೋಡೆಗಳು ಒಂದನ್ನೊಂದು ಬಲವಾಗಿ ಅಮುಕುವವರೆಗೆ.

ಒಂದು ಹಂತದ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ. ಅಡ್ಡಬಾವಿಯನ್ನು 60 ಮೀಟರಿನ ತುಂಡುಗಳಾಗಿ ವಿಂಗಡಿಸಿ ತುದಿಯಿಂದ ಶುರು ಮಾಡುತ್ತಾರೆ. ವೈರ್‌ಲೈನ್ ಎಂಬ ತಂತಿಹಗ್ಗಕ್ಕೆ ಕಟ್ಟಿದ ಪ್ಲಗ್ (ಪೈಪಿಗೆ ಹಾಕುವ ಬಿರಡೆ) ಮತ್ತು ತೂತು ಹೊಡೆಯುವ ಗನ್‌ಗಳನ್ನು ನೀರಿನ ಒತ್ತಡದಿಂದ ಒಳಕ್ಕೆ ತಳ್ಳಿ, ಪ್ಲಗ್ ಕೂರಿಸಿ, 10 ಕಡೆ ತಲಾ 3 ತೂತು ಹೊಡೆದು, ವೈರ್‌ಲೈನ್ ಹೊರತೆಗೆಯುತ್ತಾರೆ. ಚೆಂಡು ಬಿಟ್ಟು ಪ್ಲಗ್ ಮುಚ್ಚಿದ ಮೇಲೆ 15% ಹೈಡ್ರೋಕ್ಲೋರಿಕ್ ಆಸಿಡ್ ಐದಾರು ಘನಮೀಟರ್, ಅದು ತೂತಿನ ಬಳಿಯ ಸಿಮೆಂಟನ್ನು ಕರಗಿಸುತ್ತದೆ. ಆಮೇಲೆ ಮರಳಿಲ್ಲದ ನೀರು, ಅದರ ಹಿಂದೆ ಘನಮೀಟರಿಗೆ 30 ಕೆ.ಜಿ.ಯಿಂದ ಮೊದಲಾಗಿ ಮೆಟ್ಟಿಲು ಮೆಟ್ಟಿಲಾಗಿ 240 ಕೆ.ಜಿ.ವರೆಗೆ ಮರಳು, ಮೊದಲು 100 ಮೆಶ್, ಕೊನೆಗೆ 40/70. ಮೀಟರಿಗೆ 3 ಟನ್ ಲೆಕ್ಕದಲ್ಲಿ 180 ಟನ್ ಮರಳು, 1,250 ಘನಮೀಟರ್ ನೀರು, ಒಂದೂವರೆ ಗಂಟೆ. 3 ಕಿ.ಮೀ. ಅಡ್ಡಬಾವಿಗೆ ಇಂಥವು 50. ನೀರಿನ ಒಟ್ಟು ಮೊತ್ತ 6 ಕೋಟಿ ಲೀಟರ್ ದಾಟುತ್ತದೆ.

ಕೆಡುವುದು ಎರಡು ಕಡೆ. ಮೊದಲನೆಯದು ಹಂಚಿಕೆ. ಹತ್ತು ಗುಂಪುಗಳಿಗೂ ನೀರು ಸಮನಾಗಿ ಹೋಗಬೇಕೆಂದು ತೂತುಗಳನ್ನು ಬೇಕೆಂದೇ ಕಡಿಮೆ, ಚಿಕ್ಕದು ಮಾಡುತ್ತಾರೆ. 30 ತೂತು, ತಲಾ 10.2 ಮಿ.ಮೀ. ಇದ್ದಾಗ ಒತ್ತಡ ನಷ್ಟ 8.5 ಮೆಗಾಪಾಸ್ಕಲ್. ಬಂಡೆಯ ಒತ್ತಡ ಗುಂಪಿನಿಂದ ಗುಂಪಿಗೆ ಎರಡು ಮೂರು ಮೆಗಾಪಾಸ್ಕಲ್ ವ್ಯತ್ಯಾಸವಾದರೂ ತೂತಿನ ನಷ್ಟವೇ ದೊಡ್ಡದಾದ್ದರಿಂದ ಹಂಚಿಕೆ ಉಳಿಯುತ್ತದೆ. ಆದರೆ ಮರಳು ತೂತನ್ನು ಸವೆಸುತ್ತದೆ. ವ್ಯಾಸ 12.2 ಮಿ.ಮೀ. ಆಗಿ ಅಂಚು ದುಂಡಗಾದರೆ ನಷ್ಟ 3.2ಕ್ಕೆ ಇಳಿಯುತ್ತದೆ, ಹಂಚಿಕೆಯ ಹಿಡಿತ ತಪ್ಪುತ್ತದೆ. ಮೊದಲು ಸವೆದದ್ದಕ್ಕೆ ಹೆಚ್ಚು ನೀರು, ಹೆಚ್ಚು ನೀರಿಗೆ ಹೆಚ್ಚು ಸವೆತ. ಸಾಮಾನ್ಯವಾಗಿ ಬಾವಿಯ ಬಾಯಿಯ ಕಡೆಯ ಗುಂಪು ಹೊಟ್ಟೆಬಾಕನಾಗುತ್ತದೆ, ಮರಳು ತಿರುವಿನಲ್ಲಿ ನುಗ್ಗದೆ ಮುಂದೆ ಸಾಗುವುದರಿಂದ ತುದಿಯ ಗುಂಪಿಗೆ ನೀರಿಗಿಂತ ಮರಳಿನ ಪಾಲು ಜಾಸ್ತಿ ಬೀಳುತ್ತದೆ.

ಎರಡನೆಯದು ಕಟ್ಟಿಕೊಳ್ಳುವುದು, ಸ್ಕ್ರೀನ್‌ಔಟ್. ದರ ಒಂದೇ ಇದ್ದು ಒತ್ತಡ ಏರತೊಡಗಿದರೆ ಮೊದಲು ಮರಳು ನಿಲ್ಲಿಸಬೇಕು, ದರ ಇಳಿಸಬಾರದು. ದರ ಇಳಿಸಿದರೆ ದಿಬ್ಬದ ಮೇಲಿನ ವೇಗವೂ ಹೋಗುತ್ತದೆ. ಪೈಪಿನಲ್ಲಿ 52 ಘನಮೀಟರ್ ಹಿಡಿಯುತ್ತದೆ, ಅಂದರೆ ಮರಳು ನಿಲ್ಲಿಸಿದ ಮೇಲೂ ಏಳೆಂಟು ಟನ್ ದಾರಿಯಲ್ಲಿದೆ, ಅದು ಒಳಹೋಗಲೇಬೇಕು. ಇನ್ನೊಂದು ಮೋಸ: ಮರಳು ಬೆರೆತ ನೀರು ತೂಕ ಹೆಚ್ಚು, ಅದು ನೇರ ಪೈಪನ್ನು ತುಂಬಿದಾಗ ಮೇಲಿನ ಒತ್ತಡ ತಾನಾಗಿ ಇಳಿಯುತ್ತದೆ. ತಳದಲ್ಲಿ ಒತ್ತಡ ಏರುತ್ತಿದ್ದರೂ ಮೇಲಿನ ಗೇಜ್ ಶಾಂತವಾಗಿರುತ್ತದೆ. ಆದ್ದರಿಂದ ನೋಡಬೇಕಾದ್ದು ತೂಕ ಮತ್ತು ಘರ್ಷಣೆ ತಿದ್ದಿದ ತಳದ ಒತ್ತಡವನ್ನು.

ಉತ್ಪಾದನೆ ಇಳಿಯುವ ಪ್ರಶ್ನೆಗೆ ಬರೋಣ. ಅದು ಮರಳಿನ ತಪ್ಪಲ್ಲ, ಬಹುಮಟ್ಟಿಗೆ ರೇಖಾಗಣಿತದ ಫಲ. ಸಮತಟ್ಟಾದ ಬಿರುಕಿಗೆ ಎರಡೂ ಕಡೆಯಿಂದ ಅನಿಲ ನೇರ ಗೆರೆಯಲ್ಲಿ ಬಸಿದು ಬರುವಾಗ ಹರಿವು ಕಾಲದ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಮೊದಲ ತಿಂಗಳ ಹರಿವು 100 ಇದ್ದರೆ ಹನ್ನೆರಡನೆಯ ತಿಂಗಳಲ್ಲಿ 100 ಭಾಗಿಸು 12ರ ವರ್ಗಮೂಲ, ಅಂದರೆ 29. ನೀವು ಕೇಳಿದ 'ಮೂರನೇ ಒಂದು ಪಾಲು' ಅಲ್ಲೇ ಬಂತು. ಬಿರುಕು ಎಷ್ಟೇ ಸೊಗಸಾಗಿದ್ದರೂ ಇದು ಆಗುತ್ತದೆ. ಇಪ್ಪತ್ತನಾಲ್ಕನೆಯ ತಿಂಗಳಿಗೆ ಉಳಿದದ್ದರಲ್ಲಿ ಮತ್ತೆ 29% ಮಾತ್ರ ಇಳಿಕೆ.

ಪಕ್ಕದ ಬಿರುಕುಗಳು ಒಂದೇ ಅನಿಲವನ್ನು ಎಳೆಯತೊಡಗಿದ ಮೇಲೆ ಇಳಿತ ಇದಕ್ಕಿಂತ ಕಡಿದಾಗುತ್ತದೆ. ಅದು ಯಾವಾಗ? ಅಂತರದ ಅರ್ಧದ ವರ್ಗವನ್ನು ರಂಧ್ರಾಂಶ, ಅನಿಲದ ಸ್ನಿಗ್ಧತೆ, ಸಂಕೋಚ್ಯತೆಗಳಿಂದ ಗುಣಿಸಿ ಪರ್ಮಿಯಬಿಲಿಟಿಯ ನಾಲ್ಕು ಪಟ್ಟಿನಿಂದ ಭಾಗಿಸಿ. ರಂಧ್ರಾಂಶ 5%, ಸ್ನಿಗ್ಧತೆ 0.02 ಸೆಂಟಿಪಾಯ್ಸ್, ಒತ್ತಡ 25 ಮೆಗಾಪಾಸ್ಕಲ್ ಹಿಡಿದರೆ, 100 ನ್ಯಾನೋಡಾರ್ಸಿ ಬಂಡೆಯಲ್ಲಿ 20 ಮೀಟರ್ ಅಂತರದ ಬಿರುಕುಗಳಿಗೆ ಸುಮಾರು ನಾಲ್ಕು ತಿಂಗಳು. 10 ನ್ಯಾನೋಡಾರ್ಸಿಯಾದರೆ ಮೂರು ವರ್ಷ. ಅದೇ 10 ನ್ಯಾನೋಡಾರ್ಸಿಯಲ್ಲಿ ಬಿರುಕುಗಳನ್ನು 100 ಮೀಟರ್ ದೂರ ಇಟ್ಟರೆ ಹತ್ತಿರ ಹತ್ತಿರ 80 ವರ್ಷ! ನಡುವಿನ ಅನಿಲ ಹೂಡಿಕೆದಾರನ ಮೊಮ್ಮಕ್ಕಳ ಕಾಲಕ್ಕೆ ಹೊರಬರುತ್ತದೆ. ಬಸಿಗಾಲುವೆಯ ಮಾತು ಎಂದದ್ದು ಇದನ್ನೇ.

ಹಾಕಿದ ನೀರಿನ ಬಹುಪಾಲು ವಾಪಸ್ ಬರುವುದಿಲ್ಲ. ಶೇಲ್‌ನ ಅತಿ ಕಿರಿದಾದ ರಂಧ್ರಗಳು ಅದನ್ನು ಬತ್ತಿಯಂತೆ ಹೀರಿಕೊಳ್ಳುತ್ತವೆ, ಒಂದಿಷ್ಟು ಮರಳಿಲ್ಲದ ಸೀಳುಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬರುವ ನೀರು ದಿನದಿಂದ ದಿನಕ್ಕೆ ಉಪ್ಪಾಗುತ್ತದೆ.

ಈ ಪಾಕ ಎಲ್ಲ ಕಡೆ ಹೊಂದುವುದಿಲ್ಲ. ಬಾರ್ನೆಟ್‌ನಲ್ಲೇ ಪಶ್ಚಿಮಕ್ಕೆ ಹೋದಂತೆ ಕೆಳಗಿನ ವಯೋಲಾ ಸುಣ್ಣಗಲ್ಲು ತೆಳುವಾಗಿ ಮಾಯವಾಗುತ್ತದೆ. ಅಲ್ಲಿ ಬಿರುಕನ್ನು ತಡೆಯುವ ನೆಲಗಟ್ಟಿಲ್ಲ, ಅದು ನೀರು ತುಂಬಿದ ಎಲೆನ್‌ಬರ್ಗರ್ ಪದರಕ್ಕೆ ಇಳಿದು ಅನಿಲದ ಬದಲು ನೀರು ಬರುತ್ತದೆ. ಲೂಸಿಯಾನದ ಹೇನ್ಸ್‌ವಿಲ್‌ನಲ್ಲಿ ಆಳ 3,200ರಿಂದ 4,100 ಮೀಟರ್, ಬಂಡೆ ಮೆತ್ತಗೆ. ಬಾವಿಯನ್ನು ಪೂರ್ತಿ ತೆರೆದರೆ ಮರಳಿನ ಮೇಲೆ 50 ಮೆಗಾಪಾಸ್ಕಲ್ ದಾಟಿ ಹೊರೆ ಬೀಳುತ್ತದೆ, ಮಾಮೂಲಿ ಮರಳು 40ರ ಸುತ್ತಲೇ ಪುಡಿಯಾಗುತ್ತದೆ. 99% ನಾಶವಾದರೂ ಸಾಕು ಎಂದೆನಲ್ಲ, ಇಲ್ಲಿ 99.9% ಹೋಗುವ ಭಯ. ಹಾಗಾಗಿ ಗಟ್ಟಿ ಸೆರಾಮಿಕ್ ಕಾಳು, ಜೊತೆಗೆ ಬಾವಿಯ ಬಾಯಲ್ಲಿ ಹರಿವು ಹಿಡಿದಿಡುವ ಕಿಂಡಿಯನ್ನು (ಚೋಕ್) ಕಿರಿದು ಮಾಡಿ ನಿಧಾನ ಹರಿಸುವ ಪದ್ಧತಿ ಅಲ್ಲಿ ಬಂತು. ಪೋಲೆಂಡಿನಲ್ಲಿ 2010ರ ದಶಕದಲ್ಲಿ ಸುಮಾರು 70 ಬಾವಿ ಕೊರೆದೂ ವಾಣಿಜ್ಯ ಹರಿವು ಸಿಗದೆ ಕಂಪನಿಗಳು ಹೊರನಡೆದವು. ಭಾರತದಲ್ಲಿ ಒಎನ್‌ಜಿಸಿ 2011ರ ಜನವರಿಯಲ್ಲಿ ದುರ್ಗಾಪುರದ ಬಳಿ ಇಚ್ಛಾಪುರದಲ್ಲಿ ಶೇಲ್‌ನಿಂದ ಅನಿಲ ಹರಿಸಿ ತೋರಿಸಿತು, ಉದ್ಯಮ ಬೆಳೆಯಲಿಲ್ಲ. ಆದರೆ ರಾಜಸ್ಥಾನದ ಬಾಡಮೇರ್‌ನ ರಾಗೇಶ್ವರಿ ಕ್ಷೇತ್ರದಲ್ಲಿ ಬಿಗಿಯಾದ ಜ್ವಾಲಾಮುಖಿ ಬಂಡೆಗೆ ಹಂತಹಂತದ ಫ್ರ್ಯಾಕ್ ಮಾಡಿ ಅನಿಲ ತೆಗೆಯುತ್ತಿದ್ದಾರೆ. ಭಾರತದ ಉದಾಹರಣೆ ಬೇಕಿದ್ದರೆ ಅದನ್ನೇ ಆರಿಸಿಕೊಳ್ಳಿ.

ಕೊನೆಯದು ಬೋರ್‌ವೆಲ್. ಹೆಸರು ಒಂದೇ, ತತ್ವದಲ್ಲೂ ನೆಂಟಸ್ತಿಕೆ ಇದೆ, ಕೆಲಸ ಬೇರೆ. ನಮ್ಮ ಗ್ರಾನೈಟ್, ನೈಸ್ ಬಂಡೆಯ ಮೈಯಲ್ಲಿ ನೀರಿಲ್ಲ, ಇರುವುದು ಸಂದುಗಳಲ್ಲಿ. ಕೇಸಿಂಗಿನ ತಳಕ್ಕಿಂತ ಸಾಕಷ್ಟು ಕೆಳಗೆ, ಸೀಳಿಲ್ಲದ ಗಟ್ಟಿ ಬಂಡೆಯಲ್ಲಿ ಪ್ಯಾಕರ್ (ಕೊಳವೆಬಾವಿಯನ್ನು ಬಿಗಿಯಾಗಿ ಮುಚ್ಚುವ ಬಿರಡೆ) ಕೂರಿಸಿ ನೀರು ಒತ್ತುತ್ತಾರೆ. ಮರಳು ಹಾಕುವುದಿಲ್ಲ. ಒತ್ತಡ ಏರುತ್ತಾ ಹೋಗಿ ತಟಕ್ಕನೆ ಬಿದ್ದರೆ ಕೆಸರು ಕಟ್ಟಿದ ಸಂದೊಂದು ತೆರೆದುಕೊಂಡಿತು ಎಂದರ್ಥ. ಜಾರಿದ ಗೋಡೆಗಳ ಒರಟುತನವೇ ಅದನ್ನು ತೆರೆದಿಡುತ್ತದೆ, ಮೇಲೆ ಹೇಳಿದ ಮರಳಿಲ್ಲದ ಸಂದಿನ ಹಾಗೆಯೇ. ಒತ್ತಡ ಏರದೆ ನೀರು ಬಾವಿಯ ಬಾಯಿಗೇ ಉಕ್ಕಿದರೆ ಪ್ಯಾಕರ್ ಸೋರುತ್ತಿದೆ, ಅಥವಾ ಕೊಳೆತ ಬಂಡೆಯಲ್ಲಿ ಕೂತಿದೆ, ಎತ್ತಿ ಇನ್ನಷ್ಟು ಕೆಳಗೆ ಕೂರಿಸಬೇಕು. ಪಕ್ಕದವರ ಬೋರ್‌ನಲ್ಲಿ ನೀರು ಮೇಲೆದ್ದರೆ ಸಂಪರ್ಕವಾಗಿದೆ, ಇನ್ನು ಮೇಲೆ ಇಬ್ಬರೂ ಎಳೆಯುವುದು ಒಂದೇ ಸೆಲೆಯನ್ನು. ಸುತ್ತಲ ಅಂತರ್ಜಲವೇ ಇಳಿದು ಸಂದು ಒಣಗಿದ್ದರೆ ಎಷ್ಟು ಒತ್ತಿದರೂ ಪಂಪಿಗೆ ಸಿಗುವುದು ನೀವು ಟ್ಯಾಂಕರ್‌ನಲ್ಲಿ ತಂದು ಸುರಿದ ನೀರೇ.